ಮಸುಕು ಗಾಜು ತೊಳೆದವಳು

ಹತ್ತೊಂಬತ್ತು ವರ್ಷ ಪ್ರಯೋಗಾಲಯದ ಗಾಜು ತೊಳೆದವಳನ್ನು ಸೀಸೆಯಕ್ಕ ಎನ್ನದೆ ಇನ್ನೇನೆಂದು ಕರೆಯುತ್ತಾರೆ? ಮೇಲಿನ ಮಹಡಿಯಲ್ಲಿ ದೊಡ್ಡವರು, ನಾನೂರು ಕೋಟಿ ವರ್ಷಗಳ ಹಿಂದೆ ಜೀವ ಹೇಗೆ ಹುಟ್ಟಿತೆಂದು ಹುಡುಕುತ್ತಿದ್ದರು. ಗಾಜಿನ ಫ್ಲಾಸ್ಕಿನೊಳಗೆ ನೀರು, ಒಂದಷ್ಟು ಅನಿಲ, ಮಿಂಚಿನ ಬದಲು ವಾರವಿಡೀ ವಿದ್ಯುತ್ ಕಿಡಿ. ಕೊನೆಗೆ ಒಳಗೋಡೆಗೆ ಕಂದು ಜಿಡ್ಡು ಕಟ್ಟುತ್ತಿತ್ತು. ಜೀವದ ಕಚ್ಚಾ ಸಾಮಾನು ಅದರಲ್ಲಿದೆಯೆಂದು ಅವರು ಚಿಟಿಕೆಯಷ್ಟು ಕೆರೆದುಕೊಂಡು ಕುಣಿಯುತ್ತಿದ್ದರು. ಮಿಕ್ಕಿದ್ದನ್ನು ಉಜ್ಜುವುದು ನೆಲಮಾಳಿಗೆಯ ಸೀಸೆಯಕ್ಕನ ಪಾಲು.

ಅವಳ ಕ್ರಮ ಹಠದ್ದು. ಒಂದು ದಿನ ಕಾಸ್ಟಿಕ್ ಸೋಡಾದ ಸುಡುವ ನೀರಿನಲ್ಲಿ ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ಏಳು ಸಲ ಜಾಲಿಸಿ, ಬೋರಲು ಹಾಕುವಳು. ಅವಳ ಬೆರಳ ಚರ್ಮ ಸುಲಿದಂತೆ ಗಾಜಿನ ಚರ್ಮವೂ ಸವೆದು ಹಳೆಯ ಫ್ಲಾಸ್ಕುಗಳು ಮಸುಕಾಗಿದ್ದವು.

ಹೊಸ ನಿರ್ದೇಶಕರಿಗೆ ಆ ಮಸುಕು ಕಣ್ಣಿಗೆ ಚುಚ್ಚಿತು. "ಇವನ್ನೆಲ್ಲ ಒಡೆದು ಹಾಕಮ್ಮ. ಬಳಸಿ ಬಿಸಾಡೋ ಪ್ಲಾಸ್ಟಿಕ್ ಬಂದಿದೆ."

ಬಿಸಾಡುವ ಪಾತ್ರೆ ಬಂದರೆ ತೊಳೆಯುವವಳಿಗೇನು ಕೆಲಸ? ಇಪ್ಪತ್ತು ವರ್ಷ ತುಂಬಿದರೆ ನೌಕರಿ ಕಾಯಂ. ಒಂದೇ ವರ್ಷ ಬಾಕಿ. ಮನೆಯಲ್ಲಿ ಸೊಂಟ ಮುರಿದು ಕೂತ ಗಂಡ ದಿನ ಎಣಿಸುತ್ತಿದ್ದ. ಸೀಸೆಯಕ್ಕ ಇವತ್ತು ಚೀಲವಿಲ್ಲ, ನಾಳೆ ಸುತ್ತಿಗೆಯಿಲ್ಲ ಎನ್ನುತ್ತ ಒಡೆಯುವುದನ್ನು ಮುಂದೂಡಿದಳು.

ಮೂರು ತಿಂಗಳಾದರೂ ಪ್ಲಾಸ್ಟಿಕ್ಕಿನಲ್ಲಿ ಏನೂ ಹುಟ್ಟಲಿಲ್ಲ. ಸಂಶೋಧನೆಯ ಹುಡುಗಿ ನೆಲಮಾಳಿಗೆಯ ಮೆಟ್ಟಿಲ ಮೇಲೆ ಬಂದು ಕೂತಳು.

"ಯಾಕಮ್ಮ, ಮುಖ ಹೀಗೆ ಊದಿಸ್ಕೊಂಡಿದೀಯ?"

"ಏನೂ ಬರ್ತಿಲ್ಲ ಅಕ್ಕ. ನೀರು ನೀರಾಗೇ ಇದೆ."

"ಹೇಗೆ ಬರುತ್ತೆ? ಹೊಸ ಗಾಜಿನ ಜಿಡ್ಡೇ ಎರಡು ಉಜ್ಜಿಗೆ ಹೋಗುತ್ತೆ. ಮಸುಕಾಗಿರೋದ್ರಲ್ಲಿ ಮಾತ್ರ ಜಿಡ್ಡು ದಪ್ಪಗೆ ಕಟ್ಟಿ ನನ್ನ ರಟ್ಟೆ ಬಿದ್ದುಹೋಗೋದು."

ಹುಡುಗಿ ಎದ್ದು ನಿಂತಳು. "ಇದನ್ನ ಯಾರಿಗೂ ಹೇಳಿಲ್ವಾ?"

"ಯಾರು ಕೇಳಿದ್ರು? ಇಷ್ಟು ವರ್ಷದಲ್ಲಿ ಮೇಲಿಂದ ಕೆಳಗಿಳಿದು ಬಂದಿರೋದು ಜಿಡ್ಡೊಂದೇ."

ಹುಡುಗಿ ಮಸುಕು ಫ್ಲಾಸ್ಕುಗಳನ್ನು ಎದೆಗವಚಿಕೊಂಡು ಮೇಲೆ ಹೋದಳು. ವಾರದಲ್ಲಿ ಕಂದು ಜಿಡ್ಡು ಕಟ್ಟಿತು. ಸವೆದ ಗಾಜು ನೀರಿಗೆ ತುಸು ಕರಗಿ, ಚೂರುಪಾರು ಅಣುಗಳನ್ನು ಕೂಡಿಸುತ್ತಿತ್ತು. ಪಾತ್ರೆಯೂ ಅಡುಗೆಗೆ ಕೈ ಹಾಕಿತ್ತು! ಆದಿಯಲ್ಲಿ ಬಂಡೆಗಳೂ ಹೀಗೇ ಮಾಡಿರಬಹುದೆಂದು ನಿರ್ದೇಶಕರ ಲೇಖನ ಅಚ್ಚಾಯಿತು. ಕೊನೆಯಲ್ಲಿ ಅನಿಲ ಪೂರೈಸಿದ ಕಂಪನಿಗೂ ಕೃತಜ್ಞತೆ ಇತ್ತು, ಸೀಸೆಯಕ್ಕನಿಗಿರಲಿಲ್ಲ. "ನಾನು ಬರೆದಿದ್ದೆ ಅಕ್ಕ, ಸಾಹೇಬರು ಹೊಡೆದುಹಾಕಿದ್ರು," ಎಂದು ಹುಡುಗಿ ತಲೆ ತಗ್ಗಿಸಿದಳು.

ಹೆಸರು ಯಾರಿಗೆ ಬೇಕಿತ್ತು? ಗಾಜು ಉಳಿಯಿತು, ಕೆಲಸವೂ ಉಳಿಯಿತು ಎಂದು ಸೀಸೆಯಕ್ಕ ನಿಟ್ಟುಸಿರು ಬಿಟ್ಟಿದ್ದಳು. ಅಷ್ಟರಲ್ಲಿ ಮೇಲಿಂದ ಕರೆ ಬಂತು.

"ನಿನ್ನಿಂದ ಉಪಕಾರ ಆಯ್ತಮ್ಮ," ಎಂದರು ನಿರ್ದೇಶಕರು. "ಆ ಗಾಜು ಈಗ ಬಂಗಾರ. ಇನ್ಮೇಲೆ ಅದಕ್ಕೆ ನೀರು ಸೋಕಿಸೋ ಹಾಗಿಲ್ಲ. ಒಂದು ಸಲ ತೊಳೆದ್ರೂ ಗೋಡೆ ಬದಲಾಗುತ್ತೆ, ಲೆಕ್ಕ ತಪ್ಪುತ್ತೆ. ಒಂದು ಪ್ರಯೋಗ ಆದ್ಮೇಲೆ ಸೀಲು ಹಾಕಿ ಎತ್ತಿಡೋದೇ."

"ಹಾಗಾದ್ರೆ ನಾನು, ಸಾರ್?"

"ತೊಳೆಯೋದೇ ಇಲ್ಲ ಅಂದ್ಮೇಲೆ..." ಅವರು ಕಿಟಕಿಯ ಕಡೆ ನೋಡಿದರು. "ಹೋಗೋ ಮುಂಚೆ ನೀನು ತೊಳೀತಿದ್ದ ಕ್ರಮ ಬರೆದುಕೊಡು. ಹೊಸ ಗಾಜನ್ನ ಹಾಗೇ ಸವೆಸೋಕೆ ಯಂತ್ರ ತರಿಸ್ತಿದೀವಿ."

"ಬರೆದಿದೀನಲ್ಲ ಸಾರ್, ಹತ್ತೊಂಬತ್ತು ವರ್ಷ, ಆ ಗಾಜಿನ ಮೇಲೇ. ಓದ್ಕೊಳ್ಳಿ."

ಅವರು ನಗಲಿಲ್ಲ. ಖಾಲಿ ಹಾಳೆಯನ್ನು ಮುಂದೆ ತಳ್ಳಿದರು. ಅದರ ಪಕ್ಕದಲ್ಲೇ ಅವಳ ಅನುಭವ ಪತ್ರವಿತ್ತು, ಇನ್ನೂ ಸಹಿ ಬೀಳದೆ. ಬೇರೆಲ್ಲಾದರೂ ಕೆಲಸ ಸಿಗಬೇಕಾದರೆ ಆ ಸಹಿ ಬೇಕು. ಸೀಸೆಯಕ್ಕ ಕುರ್ಚಿಯ ಅಂಚಿಗೆ ಕೂತು ಪೆನ್ನು ತೆಗೆದುಕೊಂಡಳು. ಕಾಸ್ಟಿಕ್ ಎಷ್ಟು, ನೀರೆಷ್ಟು, ಬ್ರಷ್ಷು ಯಾವ ಕಡೆಗೆ ತಿರುಗಬೇಕು, ಒಂದನ್ನೂ ಬಿಡದೆ ಬರೆದಳು.