ಅರಿಸಿನ ಮೆತ್ತಿದ ಗುದ್ದಲಿ

ಮೆಟ್ಟಿಲ ಕೆಳಗಿನ ಸಂದಿಯಿಂದ ಗುದ್ದಲಿಯನ್ನು ಎಳೆದಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ. ಅರ್ಧ ತುಕ್ಕಿನದು, ಅರ್ಧ ಹಳೆಯ ಅರಿಸಿನದ್ದು. ಕಬ್ಬಿಣದ ಮೇಲೆ ಅರಿಸಿನ ಪದರ ಪದರವಾಗಿ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ನಡುನಡುವೆ ಕುಂಕುಮದ ಬೊಟ್ಟಿನ ಗುರುತು. ಅಮ್ಮ ಅದನ್ನು ಯಾವತ್ತೂ ತೊಳೆದವಳಲ್ಲ. ಪೂಜೆ ಆದದ್ದನ್ನು ತೊಳೆಯಬಾರದು ಎನ್ನುತ್ತಿದ್ದಳು. ಅಮ್ಮನೂ ಈಗಿಲ್ಲ.

ಗುದ್ದಲಿ ಕೇಳಿಕೊಂಡು ಬೆಳಿಗ್ಗೆ ಇಬ್ಬರು ಯುವಕರು ಬಂದಿದ್ದರು. "ಆಂಟಿ, ಸಾಹೇಬ್ರು ಪೂಜೆಗೆ ಹಿಡೀತಿದ್ದ ಗುದ್ದಲಿ ನಿಮ್ಮನೇಲೇ ಇದೆಯಂತಲ್ಲ?" ಎಂದ ಒಬ್ಬ. ಸಾಹೇಬರೆಂದರೆ ನಮ್ಮ ಮಾಜಿ ಶಾಸಕರು, ಹೋದ ತಿಂಗಳು ತೀರಿಕೊಂಡವರು. ಅವರ ಹೆಸರಿನಲ್ಲಿ ನಮ್ಮ ಬೀದಿ ಶುರುವಾಗುವಲ್ಲಿ ಕಮಾನು ಕಟ್ಟುತ್ತಾರಂತೆ. ನಾಳೆ ಗುದ್ದಲಿ ಪೂಜೆ.

"ಎಲ್ಲಿ ಅಗೀತೀರಪ್ಪ?" ಎಂದೆ.

"ಅಗೆಯೋಕೆ ಜೆಸಿಬಿ ಬರುತ್ತೆ ಆಂಟಿ. ಇದು ಫೋಟೋಗೆ. ಸೆಂಟಿಮೆಂಟು."

ಸಂಜೆ ಬನ್ನಿ ಎಂದು ಕಳಿಸಿದೆ. ಆಗಿನಿಂದ ಮೈ ಉರಿಯುತ್ತಿದೆ.

ವಿಜಯನಗರದಲ್ಲಿ ಬಸ್ಸಿಳಿದು ಪಶ್ಚಿಮಕ್ಕೆ ನಡೆದರೆ ಸಿಗುವ ಇಳಿಜಾರಿನ ಬೀದಿ ನಮ್ಮದು. ಕೆಳತುದಿಯಲ್ಲಿ ರಾಜಕಾಲುವೆ. ಕಾಲುವೆಗೂ ಮನೆಗಳಿಗೂ ನಡುವೆ ಒಂದು ತಡೆಗೋಡೆ ಬೇಕು ಎನ್ನುವುದು ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮಾತು. ಮಳೆ ಜೋರಾದರೆ ಕಾಲುವೆ ಉಕ್ಕಿ ಕೆಳಗಿನ ಮನೆಗಳಿಗೆ ನುಗ್ಗುತ್ತಿತ್ತು. ಮೇಲಿದ್ದ ನಾವು ಆ ಮನೆಗಳ ಮಕ್ಕಳನ್ನೂ ಹಾಸಿಗೆಗಳನ್ನೂ ನಮ್ಮ ವರಾಂಡಕ್ಕೆ ತಂದುಕೊಳ್ಳುತ್ತಿದ್ದೆವು.

ಶಾಸಕರಾಗುವ ಮೊದಲು ಅವರು ಬೀದಿಗೆಲ್ಲ ಅಣ್ಣ. ಕಾರ್ಖಾನೆಯೊಂದರಲ್ಲಿ ಕೆಲಸ, ಕಾರ್ಮಿಕ ಸಂಘದ ಮುಂದಾಳು, ನಮ್ಮ ಅಪ್ಪನ ಜೊತೆ ಒಂದೇ ಪಾಳಿಗೆ ಹೋಗುತ್ತಿದ್ದವರು. ಒಂದು ಮಳೆಗಾಲದಲ್ಲಿ ಚರಂಡಿ ಕಟ್ಟಿಕೊಂಡು ಬೀದಿಯೆಲ್ಲ ಕೊಚ್ಚೆಯಾದಾಗ ಅವರು ಷರ್ಟು ಬಿಚ್ಚಿ, ಬನಿಯನ್ನಿನಲ್ಲಿ, ಲುಂಗಿ ಎತ್ತಿ ಕಟ್ಟಿ, ನಮ್ಮ ಮನೆಯ ಗುದ್ದಲಿ ಹಿಡಿದು ಚರಂಡಿಗೆ ಇಳಿದರು. ಅಪ್ಪ ಮನೆಯ ಪಾಯ ತೋಡಲು ಕೊಂಡಿದ್ದ ಗುದ್ದಲಿ ಅದು. ಸಂಜೆಯವರೆಗೂ ಅಗೆದು ನೀರಿಗೆ ದಾರಿ ಮಾಡಿಕೊಟ್ಟರು. ಒಮ್ಮೆ ಗುದ್ದಲಿ ಬಂಡೆಗೆ ತಗುಲಿ ಅದರ ಬಾಯಿ ಮುಕ್ಕಾಯಿತಂತೆ. "ಹೊಸದು ತಂದ್ಕೊಡ್ತೀನಿ ಕಣೋ" ಎಂದರಂತೆ. ಅಪ್ಪ, "ನೀನು ಚರಂಡೀನ ನೋಡ್ಕೊ, ಗುದ್ದಲೀನ ನಾನು ನೋಡ್ಕೋತೀನಿ" ಎಂದನಂತೆ.

ಅಂತೆ, ಅಂತೆ... ನಾನು ಇತಿಹಾಸ ಓದಿದವಳು, ಸಾಕ್ಷಿ ಎಲ್ಲಿ ಎಂದು ಕೇಳುವುದು ಚಾಳಿಯಾಗಿಬಿಟ್ಟಿದೆ. ಆಗ ನಾನು ತೀರ ಚಿಕ್ಕವಳು. ಮಣ್ಣು ಮೆತ್ತಿದ ಆ ಬನಿಯನ್ನು, ಅಮ್ಮ ಲೋಟದಲ್ಲಿ ಕೊಟ್ಟ ಕಾಫಿ, ಅವರು ಕೈ ತೊಳೆಯದೆ ಕುಡಿದದ್ದು ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆದರೆ ನಾನು ಕಂಡದ್ದೋ, ಅಪ್ಪ ಹೇಳಿದ್ದನ್ನು ಕೇಳಿ ಕೇಳಿ ಕಂಡೆನೆಂದುಕೊಂಡದ್ದೋ, ಹೇಳಲಾರೆ.

ಆ ಚರಂಡಿಯೇ ಅವರನ್ನು ಗೆಲ್ಲಿಸಿತು. ತಡೆಗೋಡೆಗೆ ಮೊದಲ ಗುದ್ದಲಿ ಪೂಜೆ ನಡೆದದ್ದು ಗೆದ್ದ ಮೇಲೆ. ಇದು ನನಗೆ ಚೆನ್ನಾಗಿ ನೆನಪಿದೆ. "ನಮ್ಮ ಗುದ್ದಲೀನೇ ಆಗ್ಬೇಕು" ಎಂದು ಹೇಳಿ ಕಳಿಸಿದ್ದರು. ಅಮ್ಮ ತಲೆಗೆ ಸ್ನಾನ ಮಾಡಿ ಅದಕ್ಕೆ ಅರಿಸಿನ ಹಚ್ಚಿ, ಕುಂಕುಮ ಇಟ್ಟು, ಮರದ ಕಾವಿಗೆ ಸೇವಂತಿಗೆ ಸುತ್ತಿದಳು. ಅವರು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಬಂದು ಮೂರು ಏಟು ಹಾಕಿದರು. ಮಣ್ಣು ಎದ್ದಿತು. ಜನ ಚಪ್ಪಾಳೆ ತಟ್ಟಿದರು. ಗುದ್ದಲಿ ಮನೆಗೆ ಬಂತು, ಗೋಡೆ ಬರಲಿಲ್ಲ.

ಎರಡನೆಯ ಚುನಾವಣೆ ಹತ್ತಿರ ಬಂದಾಗ ಮತ್ತೆ ಅದೇ ಗೋಡೆಗೆ ಪೂಜೆ. ಈ ಸಲ ಒಂದೇ ಏಟು, ಅದೂ ಕ್ಯಾಮೆರಾದವನು "ಸಾರ್, ಹಂಗೇ ಇರಿ" ಎಂದದ್ದಕ್ಕೆ ಅರ್ಧಕ್ಕೇ ನಿಂತಿತು. ಅಷ್ಟು ಹೊತ್ತಿಗೆ ಅವರು ಅಣ್ಣ ಆಗಿರಲಿಲ್ಲ, ಸಾಹೇಬರಾಗಿದ್ದರು. ಅಮ್ಮ ಒಬ್ಬಳು ಮಾತ್ರ "ಏನಣ್ಣಾ, ಗೋಡೆ?" ಎಂದು ಕೇಳುತ್ತಿದ್ದಳು. "ಆಗುತ್ತಮ್ಮ, ಸರ್ವೆ ಒಂದು ಆಗ್ಬೇಕು" ಎನ್ನುತ್ತಿದ್ದರು.

ಸರ್ವೆ ಏಕೆ ಆಗಲಿಲ್ಲ ಎಂಬುದು ಬೀದಿಯ ಹಾಲಿನವನಿಗೂ ಗೊತ್ತಿತ್ತು. ಕಾಲುವೆಯ ಆಚೆ ದಡದಲ್ಲಿ ಅವರ ಬಲಗೈಯಂತಿದ್ದವನೊಬ್ಬ ಮಣ್ಣು ತುಂಬಿಸಿ ಸೈಟು ಮಾಡಿ ಮಾರಿದ್ದ. ಕಾಲುವೆ ಅರ್ಧಕ್ಕರ್ಧ ಕಿರಿದಾಗಿತ್ತು. ಗೋಡೆ ಕಟ್ಟಬೇಕೆಂದರೆ ಅಳೆಯಬೇಕು, ಅಳೆದರೆ ಆ ಸೈಟುಗಳು ಹೋಗಬೇಕು. ಇಷ್ಟೇ ವಿಷಯ. ಈ ಇಷ್ಟಕ್ಕೆ ಅವರು ವರ್ಷಗಟ್ಟಲೆ ನಮ್ಮ ಮುಖ ನೋಡಿಕೊಂಡು "ಆಗುತ್ತಮ್ಮ" ಎಂದರು. ಮದುವೆಗೆ ಬಂದರು, ನಾಮಕರಣಕ್ಕೆ ಬಂದರು, ಮಕ್ಕಳ ಹೆಸರು ಹಿಡಿದು ಕರೆದರು. ಅಪ್ಪ ಸತ್ತಾಗ ಸ್ಮಶಾನದವರೆಗೂ ನಡೆದು ಬಂದರು. ಕೆಟ್ಟವರಾಗಿದ್ದರೆ ಬೈದು ಮರೆತುಬಿಡಬಹುದಿತ್ತು.

ಕೊನೆಯ ಮನೆಯಲ್ಲಿ ಟೈಲರ್ ಆಂಟಿ ಇದ್ದರು. ನನ್ನ ಕಾಲೇಜಿನ ಮೊದಲ ಚೂಡಿದಾರ್ ಹೊಲಿದವರು. ಅವರ ಅತ್ತೆಗೆ ಲಕ್ವ ಹೊಡೆದು ಮಂಚದಿಂದ ಏಳಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಆಂಟಿ ಮದುವೆ ಮನೆಯೊಂದಕ್ಕೆ ರವಿಕೆ ಕೊಡಲು ಹೋಗಿದ್ದರು. ಮಳೆ ಹಿಡಿಯಿತು. ಕಾಲುವೆ ಉಕ್ಕಿ ಬಂದ ರಭಸಕ್ಕೆ ನಾವು ಓಡಿಹೋಗಿ ತಳ್ಳಿದರೂ ಬಾಗಿಲು ತೆರೆಯಲಿಲ್ಲ, ಒಳಗೂ ಹೊರಗೂ ನೀರು ಒತ್ತುತ್ತಿತ್ತು. ಕಿಟಕಿಯ ಸರಳು ಕಿತ್ತು ಒಳಗೆ ಹೋದಾಗ ಹೊಲಿಗೆ ಮಿಷನ್ನು ಮುಳುಗಿತ್ತು. ಮಂಚವೂ.

ಶಾಸಕರು ಮರುದಿನ ಕೆಸರಿನಲ್ಲೇ ನಡೆದು ಬಂದರು. ಆಂಟಿಯ ಎರಡೂ ಕೈ ಹಿಡಿದು ಅತ್ತರು. ನಾಟಕ ಎಂದು ಬರೆದರೆ ನನಗೆ ಸುಲಭ, ಆದರೆ ಆ ಅಳು ನಿಜವಾಗಿತ್ತು. ನಿಜವಾದ ಅಳು ಅತ್ತವರು ಮತ್ತೆ ಮಾಡಿದ್ದೇನು? ತಿಥಿ ಮುಗಿದ ಕೂಡಲೇ ಇನ್ನೊಂದು ಗುದ್ದಲಿ ಪೂಜೆ.

ಅಮ್ಮ ಅರಿಸಿನ ಹಚ್ಚಿಕೊಟ್ಟಳು. ಬೇಡ ಎಂದು ನಾನು ಕೂಗಾಡಿದ್ದು ನೆನಪಿದೆ. "ಪೂಜೇನೇ ಮಾಡ್ದೆ ಇದ್ರೆ ಗೋಡೆ ಹೆಂಗ್ ಬರುತ್ತೆ ಹೇಳು" ಎಂದಳು. ಟೈಲರ್ ಆಂಟಿಯ ಕೈಗೆ ಆರತಿ ತಟ್ಟೆ ಕೊಟ್ಟು ಮುಂದೆ ನಿಲ್ಲಿಸಿದ್ದರು. ಈ ಸಲ ಶಾಸಕರು ಗುದ್ದಲಿ ಹಿಡಿಯಲೂ ಇಲ್ಲ. ಹಿಂಬಾಲಕನೊಬ್ಬ ಹಿಡಿದುಕೊಂಡ, ಅವರು ಕಾವನ್ನು ಬೆರಳಿನಿಂದ ಮುಟ್ಟಿದರು. ಆಂಟಿ ಆರತಿ ಎತ್ತಲಿಲ್ಲ.

"ಸಾಹೇಬ್ರೆ, ಆವತ್ತು ಬನಿಯನ್ನಲ್ಲಿ ಬಂದಿದ್ರಲ್ಲ, ಹಂಗೇ ಒಂದ್ಸಲ ಬನ್ನಿ" ಎಂದರು.

ತಮಾಷೆಯೆಂದುಕೊಂಡು ಹಿಂದಿದ್ದವರು ನಕ್ಕರು. ಶಾಸಕರೂ ನಕ್ಕರು. "ವಯಸ್ಸಾಯ್ತಲ್ಲಮ್ಮ" ಎಂದರು. ಆಂಟಿ ತಟ್ಟೆಯನ್ನು ಕೆಳಗಿಟ್ಟು ಮನೆಯೊಳಗೆ ಹೋದರು. ಅದೇ ವರ್ಷ ಮನೆ ಖಾಲಿ ಮಾಡಿ ಕೆಂಗೇರಿಯ ಕಡೆ ಹೋದರೆಂದು ಕೇಳಿದ್ದೇನೆ. ಮತ್ತೆ ನೋಡಲಿಲ್ಲ.

ಶಾಸಕರು ಪಕ್ಷ ಬದಲಿಸಿ ಇನ್ನೊಮ್ಮೆ ಗೆದ್ದರು, ಆಮೇಲೆ ಸೋತರು. ಬಲಗೈಯಂತಿದ್ದವನು ಗೆದ್ದವರ ಬಲಗೈಯಾದ. ಮಾಜಿಯಾದ ಮೇಲೆ ಅವರು ಬೆಳಿಗ್ಗೆ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದರು. ಸುತ್ತ ಇನ್ನಷ್ಟು ಕುರ್ಚಿಗಳು, ಎಲ್ಲ ಖಾಲಿ. ಮೆಟ್ರೋಗೆ ಹೋಗುವ ಜನ ಫೋನು ನೋಡುತ್ತಾ ದಾಟಿಹೋಗುತ್ತಿದ್ದರು. ಒಂದು ದಿನ ನನ್ನನ್ನು ಕರೆದರು.

"ಅಮ್ಮ ಚೆನ್ನಾಗಿದಾರಾ?"

"ಹೋದ್ರು ಸಾರ್. ಹೋದ ವರ್ಷ."

ಖಾಲಿ ಕುರ್ಚಿಯೊಂದನ್ನು ನನ್ನ ಕಡೆ ಸರಿಸಿ, "ಗುದ್ದಲಿ ಇದೆಯಾ ಇನ್ನೂ? ಒಳ್ಳೆ ಗುದ್ದಲಿ ಅದು" ಎಂದರು.

"ಇದೆ ಸಾರ್. ಗೋಡೆ?"

"ಆಗುತ್ತಮ್ಮ. ಈಗಿನೋರ್ಗೆ ಹೇಳಿದೀನಿ."

ಅಧಿಕಾರ ಹೋದ ಮೇಲೂ ಆ ಮಾತು ಅವರ ಬಾಯಲ್ಲಿ ಹಾಗೆಯೇ ಉಳಿದಿತ್ತು. ಸುಳ್ಳು ಎಂದು ಅವರಿಗೆ ಅನ್ನಿಸುತ್ತಲೇ ಇರಲಿಲ್ಲವೇನೋ... ನಾನು ಹೊರಟೆ. ನಾವು ಮಾತಾಡಿದ್ದು ಅದೇ ಕೊನೆ. ಈಗ ನೋಡಿದರೆ ಬೀದಿ ತುಂಬ ಫ್ಲೆಕ್ಸು, ಧೀಮಂತ ನಾಯಕ, ಬಡವರ ಬಂಧು, ಕೈ ಮುಗಿದು ನಗುವ ಅದೇ ಮುಖ. ಕೆಳತುದಿಯಲ್ಲಿ, ಗೋಡೆ ಇರಬೇಕಾದ ಜಾಗಕ್ಕೆ ಯಾರೋ ತಗಡು ಅಡ್ಡ ಇಟ್ಟು ತಂತಿ ಕಟ್ಟಿದ್ದಾರೆ. ಒಂದು ಫ್ಲೆಕ್ಸನ್ನು ಆ ತಗಡಿಗೇ ಬಿಗಿದಿದ್ದಾರೆ.

ಮಧ್ಯಾಹ್ನ ಅಮ್ಮನ ಮಾತು ಮೀರಿ ಗುದ್ದಲಿಯನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ತೆಂಗಿನ ನಾರಿನಿಂದ ತಿಕ್ಕಿದೆ. ಹಳದಿ ನೀರು ಹರಿಯಿತು. ಒಳಗಿನ ಪದರ ಗಟ್ಟಿಯಾಗಿತ್ತು, ಚಾಕುವಿನಿಂದ ಕೆರೆದೆ. ಬಾಯಿಯ ಎಡಬದಿಯಲ್ಲಿ ಅರಿಸಿನ ಒಂದು ಹರಳಿನಂತೆ ಕೂತಿತ್ತು. ಎಬ್ಬಿಸಿದಾಗ ಅದರಡಿ ಕಬ್ಬಿಣ ಇರಲಿಲ್ಲ. ಹೆಬ್ಬೆರಳ ಉಗುರಿನಷ್ಟು ಮುಕ್ಕು. ಬಂಡೆಗೆ ಬಡಿದ ಗುರುತು.

ಹಾಗಾದರೆ ಅಪ್ಪ ಹೇಳಿದ್ದು ನಿಜ. ಆ ಮನುಷ್ಯ ನಿಜವಾಗಿ ಅಗೆದಿದ್ದರು. ಇಷ್ಟು ವರ್ಷ ನನ್ನೊಳಗೆ ಒಂದು ಆಸೆ ಇತ್ತೆಂದು ಕಾಣುತ್ತದೆ, ಆ ಬನಿಯನ್ನಿನ ಕತೆ ನಾವೇ ಕಟ್ಟಿಕೊಂಡದ್ದಾಗಿರಲಿ ಎಂದು. ಕತೆಯಾಗಿದ್ದರೆ ನಾವು ಮೋಸ ಹೋದೆವು, ಅಷ್ಟೆ. ಆದರೆ ಅವರಿಗೆ ಕೆಲಸ ಗೊತ್ತಿತ್ತು, ನೀರು ಎಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು, ಆ ಮಂಚದ ಮೇಲಿನ ಮುದುಕಿಯೂ ಗೊತ್ತಿದ್ದರು. ಗೊತ್ತಿದ್ದೂ ಬೆರಳಿನಲ್ಲಿ ಮುಟ್ಟಿ ಹೋದರು. ಇದನ್ನು ನಾನು ಕ್ಷಮಿಸಲಾರೆ. ಸತ್ತವರ ಮೇಲೆ ಕೋಪ ಇಟ್ಟುಕೊಳ್ಳಬಾರದೆಂದು ಹೇಳುವವರು ಬೇರೆ ಬೀದಿಯಲ್ಲಿರುತ್ತಾರೆ.

ಸಂಜೆ ಯುವಕರು ಬಂದರು. ತೊಳೆದ ಗುದ್ದಲಿ ನೋಡಿ ಒಬ್ಬನಿಗೆ ಬೇಸರವಾಯಿತು. "ಅಯ್ಯೋ ಆಂಟಿ, ಹಳೆ ಅರಿಸಿನ ಇದ್ದಿದ್ರೆ ಫೋಟೋಲಿ ಸಖತ್ತಾಗಿರ್ತಿತ್ತು" ಎಂದ.

"ಕಮಾನಿಗೆ ಇದನ್ನ ಕೊಡಲ್ಲ. ಗೋಡೆ ಕಟ್ಟೋ ದಿನ ಬನ್ನಿ, ನಾನೇ ತರ್ತೀನಿ."

ಅವರಿಬ್ಬರೂ ಮುಖ ಮುಖ ನೋಡಿಕೊಂಡರು.

"ಯಾವ ಗೋಡೆ ಆಂಟಿ?" ಎಂದ ಒಬ್ಬ.

ಕೊಂಕಿರಲಿಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಅಮ್ಮ ಇಲ್ಲ, ಅಪ್ಪ ಇಲ್ಲ, ಟೈಲರ್ ಆಂಟಿ ಎಲ್ಲಿದ್ದಾರೋ. ಚರಂಡಿಗೆ ಇಳಿದಿದ್ದ ಅಣ್ಣನಂತೂ ಹೋದ ತಿಂಗಳಿಗಿಂತ ಎಷ್ಟೋ ಮೊದಲೇ ಹೋಗಿದ್ದರು, ಆಗ ಯಾರೂ ಫ್ಲೆಕ್ಸು ಕಟ್ಟಲಿಲ್ಲ... ನಾನು ಚಪ್ಪಲಿ ಮೆಟ್ಟಿ, ಗುದ್ದಲಿ ಕೈಯಲ್ಲಿ ಹಿಡಿದು, "ಬನ್ನಿ ತೋರಿಸ್ತೀನಿ" ಎಂದು ಇಳಿಜಾರಿನಲ್ಲಿ ಮುಂದೆ ನಡೆದೆ.