ಓಕ್ ಪೀಪಾಯಿಯ ಮೊದಲ ಲೋಟ

ಹೆಬ್ಬಾಳದ ಬಳಿಯ ಪಬ್ಬೊಂದರಲ್ಲಿ ಬಿಯರ್ ತಯಾರಿಸುತ್ತಿದ್ದವರು ನಾವಿಬ್ಬರು, ನಾನು ಮತ್ತು ಅಮೃತಹಳ್ಳಿಯ ನನ್ನ ಗೆಳೆಯ. ಕಳೆದ ಆಯುಧಪೂಜೆಯ ದಿನ, ವಿಸ್ಕಿ ಇಟ್ಟು ತೆಗೆದ ಹಳೆಯ ಓಕ್ ಪೀಪಾಯಿಗೆ ನಮ್ಮ ಅತಿ ಸ್ಟ್ರಾಂಗ್ ಏಲ್ ಬಿಯರ್ ತುಂಬಿದೆವು. ಅದರ ಹೊಟ್ಟೆಗೆ ವಿಭೂತಿ ಬಳಿದು, ಕುಂಕುಮವಿಟ್ಟು ಅವನು ಕೈ ಮುಗಿದ.

"ಮುಂದಿನ ಆಯುಧಪೂಜೆವರೆಗೂ ಯಾರೂ ಮುಟ್ಟಂಗಿಲ್ಲ ಮಗಾ. ಮೊದ್ಲನೇ ಲೋಟ ನಂದು."

ಮರದ ಘಮ ಬಿಯರಿಗೆ ಇಳಿಯಲು ವರ್ಷ ಬೇಕೆಂದು ಅವನು ಓದಿಕೊಂಡಿದ್ದ. ಓದಿದ್ದೆಲ್ಲ ಚಳಿ ದೇಶದವರು ಬರೆದದ್ದು. ನನಗೋ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ. ಯುಗಾದಿ ಹೊತ್ತಿಗೆ ಅವನ ಗಂಟಲಲ್ಲಿ ಗಡ್ಡೆ ಇದೆಯೆಂದು ಗೊತ್ತಾದಾಗ ಕೂಗಾಡಿಬಿಟ್ಟೆ.

"ಇವತ್ತೇ ತೆಗಿಯೋಣ ಕಣೋ. ಒಂದ್ ಗುಟುಕಾದ್ರೂ ಕುಡಿ."

"ಯಾಕೆ, ದಸರಾವರೆಗೂ ನಾನ್ ಇರಲ್ಲ ಅಂತಾನಾ? ತಾಳಿದವನು ಬಾಳಿಯಾನು. ಸುಮ್ನಿರು ಗುರು," ಎಂದು ನಕ್ಕ. ಆ ನಗುವಿನ ಮುಂದೆ ನನ್ನ ಸಿಟ್ಟು ನಡೆಯಲಿಲ್ಲ.

ಶ್ರಾವಣದಲ್ಲಿ ಅವನು ಹೋಗಿಬಿಟ್ಟ.

ಪಿತೃಪಕ್ಷ ಬಂದಾಗ ಅವನ ಅಮ್ಮ ಫೋನ್ ಮಾಡಿದರು. "ಎಡೆಗೆ ಮುದ್ದೆ, ಬಾಡು ಎಲ್ಲಾ ನಾನ್ ಮಾಡ್ತೀನಪ್ಪ. ಅದೇನೋ ಬ್ಯಾರಲ್ಲು ಬ್ಯಾರಲ್ಲು ಅಂತಿದ್ನಲ್ಲ, ಅದ್ರದ್ದೊಂದ್ ಲೋಟ ತರ್ತೀಯಾ?"

ಅಮಾವಾಸ್ಯೆಯ ಬೆಳಿಗ್ಗೆ ಪೀಪಾಯಿಯ ಬಿರಡೆ ಕಿತ್ತೆ. ವಿಭೂತಿ ಇನ್ನೂ ಹಾಗೇ ಇತ್ತು. ರುಚಿ ನೋಡಲಿಲ್ಲ, ಮೊದಲ ಲೋಟ ಅವನದು. ಅವನ ಮನೆಗೆ ಒಯ್ದು, ಫೋಟೋ ಮುಂದೆ ಬಾಳೆಎಲೆಯ ಪಕ್ಕ ಅದನ್ನಿಟ್ಟು, ಅವನು ಬಂದು ಉಂಡು ಹೋಗಲಿ ಎಂದು ಬಾಗಿಲು ಮುಂದೆ ಮಾಡಿ ಅವನ ಅಮ್ಮ, ನಾನು ಜಗಲಿಯಲ್ಲಿ ಕೂತೆವು. ಒಳಗೆ ಹೋದ ಮೇಲೆ ಅಮ್ಮ ಲೋಟವನ್ನು ನನ್ನ ಕೈಗೇ ಕೊಟ್ಟರು. ಎಡೆಗಿಟ್ಟದ್ದನ್ನು ಚೆಲ್ಲುವಂತಿಲ್ಲ.

ಒಂದೇ ಗುಟುಕಿಗೆ ಗೊತ್ತಾಯಿತು. ಬರೀ ಮರ. ಎಳೆ ಬಾಳೆಕಾಯಿ ಕಚ್ಚಿದಂಥ ಒಗರು. ನಮ್ಮೂರಿನ ಬೇಸಿಗೆಗೆ ಮರ ಬೇಗನೆ ಇಳಿದುಬಿಟ್ಟಿತ್ತು. ಅದು ಹದಕ್ಕೆ ಬಂದದ್ದು ಯುಗಾದಿ ಹೊತ್ತಿಗೆ, ಅವನ ಗಂಟಲಲ್ಲಿ ಇನ್ನೂ ಗುಟುಕು ಇಳಿಯುತ್ತಿದ್ದಾಗ. ಅಯ್ಯೋ ಪಾಪಿ, ಈಗ ಯಾರ ಮೇಲೆ ರೇಗಲಿ?

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಕೊನೆಕೊನೆಗೆ ಆಸೆಪಟ್ಟು ಕೇಳ್ದ ಕಣಪ್ಪ, ಒಂದ್ ಲೋಟ ತರ್ಸಮ್ಮಾ ಅಂತ. ನಾನೇ ಬ್ಯಾಡ ಅಂದೆ. ಉಷಾರಾಗು, ಅಬ್ಬಕ್ಕೇ ಕುಡಿಯೋವಂತೆ ಅಂದೆ. ಎಂಗೈತೆ?"

"ಈಗ್ಲೇ ಅಮ್ಮ ಹದಕ್ಕೆ ಬಂದಿರೋದು," ಎಂದೆ. "ಆಗ ತೆಗೆದಿದ್ರೆ ಅವ್ನಿಗೆ ಹಿಡಿಸ್ತಾನೇ ಇರ್ಲಿಲ್ಲ."

ಅವರೆದುರಿಗೇ ಲೋಟ ಖಾಲಿ ಮಾಡಿದೆ.