ಮುಂಡರಗಿಯ ಶಿಕ್ಕಾ

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯ ನೇಕಾರರಿಗೆ ಅಂಚೆಚೀಟಿ ಕೂಡಿಸುವ ಹುಚ್ಚು. ನನಗೆ ಮುಂಡರಗಿಗೆ ವರ್ಗವಾದಾಗ ಓಣಿಯೆಲ್ಲ ಮುಖ ಸಣ್ಣ ಮಾಡಿದರೆ ಇವರೊಬ್ಬರೇ ಹಿಗ್ಗಿದರು. "ಮುಂಡರಗಿ ಪೋಸ್ಟಿನ ಶಿಕ್ಕಾ ಬಿದ್ದ ಲಕೋಟಿ ನನ್ನ ಕಡೆ ಇಲ್ರಿ. ಫೋನ್ ಮಾಡಬ್ಯಾಡ್ರಿ, ಪತ್ರ ಬರೀರಿ."

ಫೋನ್ ಮಾಡಿದಾಗಲೆಲ್ಲ "ಪತ್ರ ಬರೀರಿ" ಎಂದು ಇಟ್ಟೇಬಿಡುತ್ತಿದ್ದರು. ಸಾಕಾಗಿ, ಮಗಳ ಮದುವೆಗೆ ಬರಲೇಬೇಕೆಂದು ಎರಡು ಪುಟ ಬರೆದು ಅಂಚೆಗೆ ಹಾಕಿದೆ. ಬರಲಿಲ್ಲ. ಅವರ ಮಗ್ಗದ ಪಕ್ಕದಲ್ಲೇ ಆಡಿ ಬೆಳೆದ ಮಗಳು ಅಕ್ಷತೆ ಬೀಳುವವರೆಗೂ ಬಾಗಿಲು ನೋಡಿದಳು.

ಸಿಟ್ಟಿನಿಂದ ಬೆಟಗೇರಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಆಲ್ಬಮ್ ತೆರೆದರು. ಪ್ಲಾಸ್ಟಿಕ್ ಹಾಳೆಯೊಳಗೆ ನನ್ನ ಪತ್ರ, ಅಂಟು ಸಹ ಬಿಚ್ಚಿರಲಿಲ್ಲ.

"ಶಿಕ್ಕಾ ಹೆಂಗ ದುಂಡಗ ಬಿದ್ದೈತಿ ನೋಡ್ರಿ! ಇಂಥಾ ಲಕೋಟಿ ಯಾರರ ಒಡೀತಾರೇನ್ರಿ? ಅದಿರ್ಲಿ, ಮಗಳ ಮದುವಿ ಯಾವಾಗರಿ?"